ಒಂದು ಹ್ಯಾಲೋವೀನ್ ಕುಂಬಳಕಾಯಿ, ಒಂದು ಗಂಟೆಯ ಪಾಠ

ಅಕ್ಟೋಬರ್ 31 ಹತ್ತಿರ ಬಂತೆಂದರೆ ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಹ್ಯಾಲೋವೀನ್ ಗದ್ದಲ. ಮಕ್ಕಳು ವೇಷ ಹಾಕುವ, ಕುಂಬಳಕಾಯಿಗೆ ಮುಖ ಕೆತ್ತಿಡುವ ಹಬ್ಬ ಅದು. ತರಗತಿಯ ಪಾರ್ಟಿಗೆ ಒಂದು ಚಟುವಟಿಕೆ ನಡೆಸಿಕೊಡಿ ಎಂದು ಟೀಚರ್ ಪೋಷಕರನ್ನು ಕೇಳುವುದುಂಟು. ಅಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರಿಗೂ ಆ ಸರದಿ ಬರುತ್ತದೆ. ಚಾಕೊಲೇಟ್ ಹಂಚಿ ಬರುವ ಬದಲು ಕುಂಬಳಕಾಯಿ ಒಯ್ಯಿರಿ. ಒಂದರಿಂದ ಮೂರನೇ ತರಗತಿಯವರಿಗೆ ಬೇಕಾದ ಗಣಿತ, ವಿಜ್ಞಾನ ಅದರಲ್ಲೇ ಇದೆ.

ಟೀಚರ್ ಹತ್ತಿರ ಮೊದಲೇ ಮಾತಾಡಿ. ಕೆಲವು ಶಾಲೆಗಳಲ್ಲಿ ಹ್ಯಾಲೋವೀನ್ ಎನ್ನದೆ ‘ಫಾಲ್ ಪಾರ್ಟಿ’ (ಶರತ್ಕಾಲದ ಪಾರ್ಟಿ) ಎನ್ನುತ್ತಾರೆ. ಅಲರ್ಜಿಯ ಕಾರಣಕ್ಕೆ ಮನೆಯ ತಿಂಡಿ, ರಬ್ಬರ್ ಬಲೂನು ಬೇಡವೆನ್ನಬಹುದು. ಚಾಕು ಒಳಗೆ ತರುವಂತಿಲ್ಲ.

ನಾಲ್ಕೈದು ಮಕ್ಕಳಿಗೆ ಎರಡು ಕೆಜಿ ಆಸುಪಾಸಿನ ಒಂದು ಕಾಯಿ ಸಾಕು. ಆಯುಧಪೂಜೆಗೆ ಒಡೆಯುವ ಬೂದುಗುಂಬಳವಲ್ಲ, ಹುಳಿಗೆ ಹಾಕುವ ಸಿಹಿಗುಂಬಳದ ಬಳಗ. ‘ಪೈ ಪಂಪ್ಕಿನ್’ ಎಂದು ಮಾರುವುದನ್ನೇ ಕೊಳ್ಳಿ. ಉಳಿದ ತಿರುಳು ಪಲ್ಯಕ್ಕಾಗುತ್ತದೆ. ಮುಖ ಕೆತ್ತಲೆಂದು ಮಾರುವ ದೊಡ್ಡ ಕಾಯಿ ನೀರುನೀರು, ರುಚಿಯಿಲ್ಲ. ಜೊತೆಗೆ ದಾರ, ಸ್ಕೇಲು, ಆಳದ ಟಬ್ಬು, ಗಟ್ಟಿ ಚಮಚ, ಜರಡಿ, ಕಾಗದದ ಲೋಟ, ಹಾಸಲು ಹಳೆ ಪೇಪರ್.

ಹಿಂದಿನ ರಾತ್ರಿ ಮನೆಯಲ್ಲೇ ತೊಟ್ಟಿನ ಸುತ್ತ ಮುಚ್ಚಳ ಕೊಯ್ದುಕೊಳ್ಳಿ. ಚಾಕು ಒಳಮುಖವಾಗಿ ಓರೆಯಾಗಿರಲಿ. ನೆಟ್ಟಗೆ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಟೇಪ್ ಸುತ್ತಿ ಫ್ರಿಜ್‌ನಲ್ಲಿಡಿ. ಒಯ್ಯುವಾಗ ತೊಟ್ಟು ಹಿಡಿದು ಎತ್ತಬೇಡಿ, ಕಿತ್ತು ಬರುತ್ತದೆ.

ತರಗತಿಯಲ್ಲಿ ಅಳತೆಯೆಲ್ಲ ಮುಗಿಯುವವರೆಗೆ ಮುಚ್ಚಳ ತೆಗೆಯಬೇಡಿ. ಬೀಜ ಕಂಡರೆ ಮಕ್ಕಳಿಗೆ ಬೇರೇನೂ ಬೇಡ.

ಮೊದಲು ದಾರ. ಕಾಯಿಯ ಹೊಟ್ಟೆ ಸುತ್ತಲು ಎಷ್ಟು ಬೇಕೆಂದು ಕಣ್ಣಂದಾಜಿನಲ್ಲೇ ಪ್ರತಿ ಮಗುವೂ ಒಂದು ತುಂಡು ಕತ್ತರಿಸಲಿ. ಸುತ್ತಿ ನೋಡಿದಾಗ ಬಹಳಷ್ಟು ತುಂಡುಗಳು ಮೋಟಾಗಿರುತ್ತವೆ. ಕಣ್ಣಿಗೆ ಕಾಣುವುದು ಎದುರಿನ ಅಗಲ ಮಾತ್ರ. ಸುತ್ತಳತೆ ಅದರ ಮೂರರಷ್ಟಕ್ಕಿಂತ ತುಸು ಹೆಚ್ಚು. ಸ್ಕೇಲಿನಲ್ಲಿ ಅಳೆದು ತಾವೇ ಅದನ್ನು ಕಂಡುಕೊಳ್ಳಲಿ.

ಆಮೇಲೆ ಟಬ್ಬು. ಮುಳುಗುತ್ತದೋ ತೇಲುತ್ತದೋ ಎಂದು ಕೈಯೆತ್ತಿಸಿ. ಇಷ್ಟು ಭಾರದ್ದು ಮುಳುಗದೆ ಇರುತ್ತದೆಯೇ ಎನ್ನುವವರೇ ಹೆಚ್ಚು. ಒಳಗೆ ಟೊಳ್ಳು, ಗಾಳಿ ತುಂಬಿದೆ, ತೇಲುತ್ತದೆ. ನೀರು ಕಡಿಮೆಯಿದ್ದರೆ ಮಾತ್ರ ಕಾಯಿ ತಳ ಮುಟ್ಟಿ ನಿಲ್ಲುತ್ತದೆ, ಮಕ್ಕಳು ‘ಮುಳುಗಿತು’ ಎಂದುಬಿಡುತ್ತಾರೆ. ಕಾಯಿಯ ಎತ್ತರಕ್ಕಿಂತ ಆಳವಾಗಿ ನೀರಿರಲಿ, ಆದರೆ ಅಂಚಿನವರೆಗೆ ತುಂಬಬೇಡಿ.

ಈಗ ಮುಚ್ಚಳ ತೆಗೆಯಿರಿ. ಬೀಜ ಎಷ್ಟಿರಬಹುದೆಂದು ಎಲ್ಲರೂ ಒಂದು ಸಂಖ್ಯೆ ಬರೆಯಲಿ. ‘ಇಪ್ಪತ್ತು’ ಎನ್ನುವವರೂ ಇರುತ್ತಾರೆ, ‘ಮಿಲಿಯನ್’ ಎನ್ನುವವರೂ. ಬೀಜ ಕೆರೆದು, ನಾರು ಬಿಡಿಸಿ, ಜರಡಿಯಲ್ಲಿ ತೊಳೆಯಿರಿ. ತೊಳೆಯದಿದ್ದರೆ ಬೆರಳಿಗಂಟಿ ಲೆಕ್ಕ ತಪ್ಪುತ್ತದೆ. ಲೋಟಕ್ಕೆ ಹತ್ತರಂತೆ, ಹತ್ತು ಲೋಟ ಸೇರಿದರೆ ನೂರು. ಮೊದಲ ನೂರಾದ ಕೂಡಲೇ ನಿಲ್ಲಿಸಿ, ಉಳಿದ ರಾಶಿ ತೋರಿಸಿ, ಅಂದಾಜು ತಿದ್ದಲು ಬಿಡಿ. ಇಡೀ ಚಟುವಟಿಕೆಯಲ್ಲಿ ಕಲಿಕೆ ಹೆಚ್ಚಿರುವುದು ಇಲ್ಲೇ. ಆತುರದಲ್ಲಿ ಇದನ್ನು ಹಾರಿಸಿದರೆ ಉಳಿಯುವುದು ಬರೀ ಎಣಿಕೆ. ಗುಂಪುಗಳ ಮೊತ್ತವನ್ನು ಬೋರ್ಡಿನ ಮೇಲೆ ಸ್ತಂಭಗಳಾಗಿ ಬರೆಸಿ. ದೊಡ್ಡ ಕಾಯಿಯಲ್ಲೇ ಹೆಚ್ಚು ಬೀಜವಿತ್ತೇ ಎಂಬ ವಾದ ತಾನಾಗಿ ಏಳುತ್ತದೆ.

ಕೈತೊಳೆಯಲು ಸಾಲು ನಿಂತಾಗ ಒಂದು ಮಾತು ಹೇಳಬಹುದು: ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮೊದಲು ಮುಖ ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆಯ ಮೇಲೆ, ಕುಂಬಳ ಸೇರಿಕೊಂಡದ್ದು ಅಮೆರಿಕದಲ್ಲಿ.

ಟೀಚರ್ ಒಪ್ಪಿದರೆ ಕುಂಬಳದ ಒಂದು ತುಂಡನ್ನು ಜಿಪ್ ಚೀಲದಲ್ಲಿ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ, ಟೇಪ್ ಹಚ್ಚಿ ಬಿಗಿಯಾಗಿ ಮುಚ್ಚಿ. ಎರಡು ದಿನಕ್ಕೊಮ್ಮೆ ಮಕ್ಕಳು ಅದರ ಚಿತ್ರ ಬರೆದು ದಿನಾಂಕ ಹಾಕಲಿ. ಬೂಸ್ಟು ಹಿಡಿದ ಮೇಲೆ ಚೀಲ ಬಿಚ್ಚಲೇಬಾರದು, ಅದರ ಬೀಜಕಣ ಉಸಿರಿಗೆ ಒಳ್ಳೆಯದಲ್ಲ. ಎರಡು-ಮೂರು ವಾರ ನೋಡಿ, ಚೀಲದ ಸಮೇತ ಕಸದ ಬುಟ್ಟಿಗೆ ಹಾಕಿ.