ಮನೆ ಹತ್ತಿರದ ಪ್ರೇರಿಗೆ ನಿಮ್ಮ ಭಾನುವಾರ: ಹುಲ್ಲುಗಾವಲು ಉಳಿಸುವ ಕೆಲಸಕ್ಕೆ ಸೇರುವುದು ಹೇಗೆ?

ಶಿಕಾಗೊ ಪಕ್ಕದ ವೆಸ್ಟ್‌ಚೆಸ್ಟರ್ ಎಂಬ ಉಪನಗರದಲ್ಲಿ ಎದೆಯುದ್ದದ ಹುಲ್ಲಿನ ನಡುವೆ ಕಾಂಕ್ರೀಟ್ ಫುಟ್‌ಪಾತ್‌ಗಳಿವೆ. 1920ರ ದಶಕದಲ್ಲಿ ಲೇಔಟ್ ಮಾಡಲು ಹೊರಟವರು ಹಾಕಿಸಿದ್ದವು. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂತು, ಮನೆಗಳು ಏಳಲಿಲ್ಲ. ಹಾಗಾಗಿ ಸುಮಾರು 80 ಎಕರೆಯ ವುಲ್ಫ್ ರೋಡ್ ಪ್ರೇರಿ ಉಳಿದುಕೊಂಡಿತು. ಪ್ರೇರಿ ಎಂದರೆ ಇಲ್ಲಿನ ಸಹಜ ಹುಲ್ಲುಗಾವಲು. ಆ ಫುಟ್‌ಪಾತಿನ ಮೇಲೆ ಮೊದಲ ಸಲ ನಡೆದಾಗ ನನಗೂ ಅದು ಯಾರೂ ನೋಡಿಕೊಳ್ಳದ ಖಾಲಿ ಸೈಟಿನಂತೆಯೇ ಕಂಡಿತ್ತು. ಹುಲ್ಲುಗಾವಲಿಗೆ ಕುತ್ತು ಬರುವುದೇ ಈ ‘ಖಾಲಿ ಜಾಗ’ ಎಂಬ ಮಾತಿನಿಂದ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಇಲಿನಾಯ್ ರಾಜ್ಯಕ್ಕೆ ‘ಪ್ರೇರಿ ರಾಜ್ಯ’ ಎಂಬ ಬಿರುದು ಇವತ್ತಿಗೂ ಇದೆ. ಒಂದು ಕಾಲಕ್ಕೆ ಇಲ್ಲಿ ಎರಡು ಕೋಟಿ ಎಕರೆಗೂ ಹೆಚ್ಚು ಪ್ರೇರಿ ಇತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಇದೇ ರಾಜ್ಯದ ಗ್ರ್ಯಾಂಡ್ ಡೀಟೂರ್‌ನಲ್ಲಿ ಉಕ್ಕಿನ ನೇಗಿಲು ಮಾಡಿದ. ಅಂಟು ಮಣ್ಣು ಹತ್ತದ ಆ ನೇಗಿಲು ಬಂದ ಮೇಲೆ ಹುಲ್ಲಿನ ನೆಲವೆಲ್ಲ ಮೆಕ್ಕೆಜೋಳದ ಹೊಲವಾಯಿತು. ಈಗ ಹಳೆಯ ಗುಣ ಕೆಡದ ಪ್ರೇರಿ ಇರುವುದು ನೂರರಲ್ಲಿ ಒಂದು ಪಾಲಲ್ಲ, ಹತ್ತು ಸಾವಿರದಲ್ಲಿ ಒಂದು ಪಾಲು. ಅದೂ ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನದ ಮೂಲೆ, ಇಂಥ ಮಾರಾಟವಾಗದ ಲೇಔಟುಗಳಲ್ಲಿ. ನಗರದೊಳಗೆ ಸಿಕ್ಕಿಕೊಂಡ ಈ ತುಂಡುಗಳನ್ನು ಉಳಿಸುತ್ತಿರುವವರಲ್ಲಿ ದೊಡ್ಡ ಪಾಲು ಸಂಬಳವಿಲ್ಲದ ಜನ. 1977ರಲ್ಲಿ ಸ್ಟೀವ್ ಪ್ಯಾಕರ್ಡ್ ಎಂಬುವರು ಒಂದಷ್ಟು ಜನರನ್ನು ಕಟ್ಟಿಕೊಂಡು ಶಿಕಾಗೊ ನದಿಯ ಉತ್ತರ ಕವಲಿನುದ್ದಕ್ಕೂ ಈ ಕೆಲಸ ಶುರುಮಾಡಿದರು. ಅದು ಇಂದಿಗೂ ನಿಂತಿಲ್ಲ.

ಶಿಕಾಗೊ ಸುತ್ತ ನಮ್ಮವರು ಸಾಕಷ್ಟಿದ್ದೇವೆ. ರಾಜ್ಯೋತ್ಸವಕ್ಕೆ, ಯುಗಾದಿಗೆ ಸೇರುವ ಜನದಲ್ಲಿ ಹತ್ತು ಮಂದಿ ಭಾನುವಾರದ ಮೂರು ಗಂಟೆ ಕೊಟ್ಟರೂ ಒಂದು ಪ್ರೇರಿಗೆ ಅದು ದೊಡ್ಡ ಬಲ. ಹೇಗೆ ಸೇರಬೇಕು, ಹೋದ ಮೇಲೆ ಏನು ಮಾಡಬೇಕು ಎಂಬುದನ್ನು ನಾನು ಕಲಿತ ಹಾಗೆಯೇ ಹೇಳುತ್ತೇನೆ.

ಜಾಗ ಹುಡುಕುವುದು

ಶಿಕಾಗೊ ಇರುವ ಕುಕ್ ಕೌಂಟಿಯವರಿಗೆ ಇದು ಸುಲಭ. ಕಾಡು, ಹುಲ್ಲುಗಾವಲು ನೋಡಿಕೊಳ್ಳುವ ಅಲ್ಲಿನ ಫಾರೆಸ್ಟ್ ಪ್ರಿಸರ್ವ್ಸ್ ಸಂಸ್ಥೆಯ ಕೈಯಲ್ಲಿ ಹತ್ತಿರ ಹತ್ತಿರ 70,000 ಎಕರೆ ಇದೆ. ಸ್ವಯಂಸೇವಕರ ಕೆಲಸದ ದಿನಗಳ ಪಟ್ಟಿ ಅವರ ಜಾಲತಾಣದಲ್ಲೇ ಸಿಗುತ್ತದೆ. ಡುಪೇಜ್, ಲೇಕ್, ಕೇನ್, ವಿಲ್ ಕೌಂಟಿಗಳಲ್ಲೂ ಇಂಥದ್ದೇ ಸಂಸ್ಥೆಗಳಿವೆ. ಸಾಮಾನ್ಯವಾಗಿ ಶನಿವಾರ ಅಥವಾ ಭಾನುವಾರ ಬೆಳಗ್ಗೆ ಮೂರು ಗಂಟೆಯ ಕೆಲಸ. ಅನುಭವ ಕೇಳುವುದಿಲ್ಲ, ಸಲಕರಣೆ ಅವರೇ ಕೊಡುತ್ತಾರೆ. ಪ್ರತಿ ಜಾಗಕ್ಕೂ ಸ್ಟೂವರ್ಡ್ ಎಂದು ಕರೆಯುವ ಒಬ್ಬ ಮೇಲ್ವಿಚಾರಕರಿರುತ್ತಾರೆ. ಅವರೂ ಬಹಳ ಸಲ ಸ್ವಯಂಸೇವಕರೇ. ಹೋಗುವ ಮುಂಚೆ ಅವರಿಗೆ ಒಂದು ಸಾಲು ಬರೆದು ತಿಳಿಸಿ, ಸಾಕು.

ಮನೆಯಿಂದ ಇಪ್ಪತ್ತು ನಿಮಿಷದೊಳಗಿನ ಜಾಗವನ್ನೇ ಆರಿಸಿಕೊಳ್ಳಿ. ದೂರದ ಚೆಂದದ ಪ್ರೇರಿಗೆ ಎರಡು ಸಲ ಹೋಗಿ ಬಿಡುವುದಕ್ಕಿಂತ ಹತ್ತಿರದ ಸಾಧಾರಣ ತುಂಡಿಗೆ ಇಡೀ ವರ್ಷ ಹೋಗುವುದು ಮೇಲು. ಒಂದೇ ನೆಲವನ್ನು ನಾಲ್ಕು ಕಾಲದಲ್ಲಿ ನೋಡದೆ ಈ ಕೆಲಸ ಕೈಗೆ ಹತ್ತುವುದಿಲ್ಲ.

ದಪ್ಪ ಜೀನ್ಸ್, ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬೂಟು. ಏಪ್ರಿಲ್‌ನಿಂದ ಮುಂದಕ್ಕೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ, ಏಕೆಂದರೆ ರಕ್ತ ಹೀರುವ ಇಲ್ಲಿನ ಉಣ್ಣೆ ಹುಳಗಳು ಲೈಮ್ ಎಂಬ ಕಾಯಿಲೆ ಹರಡುತ್ತವೆ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆಲ್ಲ ನೋಡಿಕೊಳ್ಳಿ.

ಚಳಿಗಾಲ: ಕಡಿಯುವ ಕೆಲಸ

ಎಲ್ಲರೂ ಮೇ ತಿಂಗಳಲ್ಲಿ ಹೂವು ನೋಡಿಕೊಂಡು ಶುರುಮಾಡೋಣ ಎನ್ನುತ್ತಾರೆ. ನನ್ನ ಮಾತು ಕೇಳಿ, ಜನವರಿಯಲ್ಲಿ ಶುರುಮಾಡಿ. ಚಳಿಗಾಲದಲ್ಲಿ ತುಳಿದರೆ ಹಾಳಾಗುವ ಗಿಡವಿಲ್ಲ, ಗುರುತಿಸಬೇಕಾದ ಶತ್ರುವೂ ಮುಖ್ಯವಾಗಿ ಒಂದೇ, ಬಕ್‌ಥಾರ್ನ್. ಯುರೋಪಿನಿಂದ ಬೇಲಿಗೆಂದು ತಂದ ಪೊದೆ ಇದು. ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಡೆ ಉದುರಿಸಿ, ಈಗ ಹತ್ತಡಿ, ಹದಿನೈದಡಿ ಎತ್ತರದ ಗೋಡೆಯಾಗಿ ಬೆಳೆದಿದೆ. ಉಳಿದ ಮರಗಳ ಎಲೆ ಉದುರಿದ ಮೇಲೂ ಇದರ ಎಲೆ ಹಸಿರಾಗಿಯೇ ಇರುವುದರಿಂದ ನವೆಂಬರ್‌ನಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ಜನವರಿಯಲ್ಲಾದರೆ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಕಿತ್ತಳೆ ಬಣ್ಣ ಕಾಣುತ್ತದೆ. ಇದರ ನೆರಳಿನಲ್ಲಿ ಬಿಸಿಲು ಬೇಡುವ ಹುಲ್ಲು ಒಂದೂ ಏಳುವುದಿಲ್ಲ.

ಕಡಿಯುವ ಕ್ರಮ ಹೀಗೆ. ಮೊದಲು ಸೊಂಟದೆತ್ತರದಲ್ಲಿ ಕತ್ತರಿಸಿ ಕೊಂಬೆಯ ಭಾರ ಇಳಿಸಿಕೊಳ್ಳಿ. ಆಮೇಲೆ ನೆಲಕ್ಕೆ ಹತ್ತುವ ಹಾಗೆ ಎರಡನೆಯ ಕೊಯ್ತ. ಓರೆಯಾಗಿ ಕೊಯ್ದರೆ ಮೊನಚಾದ ಕೂಳೆ ಉಳಿದು ಬೂಟನ್ನೂ ಚುಚ್ಚುತ್ತದೆ, ಆದ್ದರಿಂದ ಸಮನಾಗಿ ಕೊಯ್ಯಿರಿ. ಕಡಿದು ಸುಮ್ಮನೆ ಬಿಟ್ಟರೆ ಒಂದು ಬುಡದಿಂದ ಹತ್ತು ಚಿಗುರು ಬರುತ್ತವೆ. ಅದಕ್ಕೆ ಬುಡದ ಮೇಲೆ ಕಳೆನಾಶಕ ಸವರುತ್ತಾರೆ. ಸವರಿದ ಬುಡ ಗೊತ್ತಾಗಲೆಂದು ಅದರಲ್ಲಿ ಬಣ್ಣ ಬೆರೆಸಿರುತ್ತಾರೆ. ಇದನ್ನು ಪರವಾನಗಿ ಪಡೆದವರೇ ಮಾಡಬೇಕು, ನೀವು ಬಾಟಲಿ ಮುಟ್ಟಬೇಡಿ. ಕಡಿದದ್ದನ್ನು ಎಳೆದು ತಂದು ರಾಶಿ ಹಾಕಿ ಅಲ್ಲೇ ಸುಡುತ್ತಾರೆ. ಹಿಮದ ಮೇಲೆ ಆ ಬೆಂಕಿಯ ಸುತ್ತ ನಿಂತು ಥರ್ಮಾಸಿನ ಕಾಫಿ ಕುಡಿಯುವ ಹತ್ತು ನಿಮಿಷದಲ್ಲೇ ನಾನು ಈ ಜನರನ್ನು ಪರಿಚಯ ಮಾಡಿಕೊಂಡಿದ್ದು.

ದಾರಿಹೋಕರು ನಿಂತು ‘ಯಾಕೆ ಮರ ಕಡಿಯುತ್ತಿದ್ದೀರಿ?’ ಎಂದು ಕೇಳುತ್ತಾರೆ. ಕೆಲವರಿಗೆ ಸಿಟ್ಟೂ ಬಂದಿರುತ್ತದೆ. ಗರಗಸ ಕೆಳಗಿಟ್ಟು ಉತ್ತರ ಕೊಡಿ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 1996ರಲ್ಲಿ ನೆರೆಹೊರೆಯವರ ವಿರೋಧದಿಂದ ಕುಕ್ ಕೌಂಟಿಯಲ್ಲಿ ಈ ಕೆಲಸಕ್ಕೇ ತಡೆ ಬಿದ್ದಿತ್ತು, ಅದು ಪೂರ್ತಿ ತೆರವಾಗಲು ಹಲವು ವರ್ಷ ಹಿಡಿಯಿತು. ನನ್ನ ಅಮ್ಮನೂ ಇದೇ ಪ್ರಶ್ನೆ ಕೇಳಿದ್ದರು. ‘ಗಿಡ ನೆಡೋದು ಪುಣ್ಯ ಅಂತಾರೆ, ನೀನು ನೋಡಿದ್ರೆ ಕಡಿಯಕ್ಕೆ ಹೋಗ್ತೀಯಲ್ಲೋ.’ ಅವರು ಕಡೂರಿನ ಕಡೆಯವರು. ‘ಅಮ್ಮ, ಬಾಸೂರು ಕಾವಲಿನ ತುಂಬ ನೀಲಗಿರಿ ನೆಟ್ಟರೆ ಕೃಷ್ಣಮೃಗ ಎಲ್ಲಿಗೆ ಹೋಗಬೇಕು ಹೇಳು’ ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಅಮೃತ್ ಮಹಲ್ ದನಗಳ ಮೇವಿನ ಆ ಕಾವಲುಗಳನ್ನು ಕಂಡವರಿಗೆ ಹುಲ್ಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಸಂತ: ಬೆಂಕಿ

ಪ್ರೇರಿಯನ್ನು ಬೇಕೆಂದೇ ಸುಡುತ್ತಾರೆ. ಈ ಹುಲ್ಲುಗಳ ಬೆಳೆಯುವ ಕುಡಿ ನೆಲದೊಳಗಿರುತ್ತದೆ. ಕಂಪಾಸ್ ಪ್ಲಾಂಟ್ ಎಂಬ ಗಿಡದ ಬೇರಂತೂ ಹದಿನೈದು ಅಡಿ ಆಳಕ್ಕೆ ಇಳಿಯಬಲ್ಲದು. ಬೆಂಕಿ ಮೇಲಿನ ಒಣಹುಲ್ಲನ್ನೂ ನುಗ್ಗಿ ಬರುವ ಪೊದೆಗಳನ್ನೂ ಸುಟ್ಟು ಹೋಗುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಕಪ್ಪಾದ ನೆಲ ಬಿಸಿಲು ಹೀರಿ ಬೇಗ ಬೆಚ್ಚಗಾಗುತ್ತದೆ, ಎರಡು ವಾರದಲ್ಲಿ ಹಸಿರು ಇಣುಕುತ್ತದೆ. ಇಲ್ಲಿನ ಮೂಲನಿವಾಸಿಗಳು ಶತಮಾನಗಳ ಕಾಲ ಹೀಗೆ ಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆಯೇ ಪೊದೆ ಏರಿಬಂದದ್ದು.

ಬೆಂಕಿ ಹಾಕಲು ಸರ್ಕಾರದ ಅನುಮತಿ ಬೇಕು, ಗಾಳಿಯ ದಿಕ್ಕು, ತೇವಾಂಶ ಎಲ್ಲ ಕೂಡಿಬರಬೇಕು, ತರಬೇತಿ ಆದವರು ಮಾತ್ರ ಒಳಗಿರಬೇಕು. ಮೊದಲ ವರ್ಷ ನಿಮಗೆ ಇಲ್ಲಿ ಕೆಲಸವಿಲ್ಲ. ಆಸಕ್ತಿ ಇದ್ದರೆ ಮುಂದೆ ತರಬೇತಿಗೆ ಹೆಸರು ಕೊಡಬಹುದು.

ಬೇಸಿಗೆ: ಮೊದಲು ಕಣ್ಣು, ಆಮೇಲೆ ಕೈ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ನನ್ನ ಮೊದಲ ಜೂನ್‌ನಲ್ಲಿ ಸ್ವೀಟ್ ಕ್ಲೋವರ್ ಕೀಳಲು ಕಳಿಸಿದ್ದರು. ಯುರೇಷಿಯಾದಿಂದ ಮೇವಿಗೆ ಬಂದ ಬಿಳಿ ಹೂವಿನ ಕಳೆ. ಹುರುಪಿನಲ್ಲಿ ಅದರ ಪಕ್ಕದ ಬಿಳಿ ಪ್ರೇರಿ ಕ್ಲೋವರನ್ನೂ ಕಿತ್ತುಬಿಟ್ಟೆ. ಅದು ಇಲ್ಲಿನದೇ ಗಿಡ, ಬೀಜದಿಂದ ಹೂವಿಗೆ ಬರಲು ವರ್ಷಗಳೇ ಬೇಕು. ಸ್ಟೂವರ್ಡ್ ಬೈಯಲಿಲ್ಲ. ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದರು. ಕಳೆಗೆ ಎಲೆದಳ ಮೂರೇ, ಅಂಚಿನಲ್ಲಿ ಸಣ್ಣ ಹಲ್ಲು. ಪ್ರೇರಿ ಕ್ಲೋವರ್‌ಗೆ ಐದೋ ಏಳೋ ಕಿರಿದಾದ ದಳ, ಹೂವು ಬೆರಳ ತುದಿಯಂಥ ಗಟ್ಟಿ ತೆನೆ. ಅಂದಿನಿಂದ ನನ್ನ ನಿಯಮ ಇದು. ಕೀಳಬೇಕಾದ್ದರ ಹೆಸರು ಮಾತ್ರವಲ್ಲ, ಅದರಂತೆಯೇ ಕಾಣುವ, ಕೀಳಬಾರದ ಗಿಡ ಯಾವುದೆಂದೂ ಕೇಳಿಕೊಂಡೇ ಬಗ್ಗುವುದು. ತಿಂಗಳಿಗೆ ನಾಲ್ಕು ಗಿಡ ಕಲಿತರೂ ಸಾಕು. ಗಿಡ ಗುರುತಿಸುವ ಐನ್ಯಾಚುರಲಿಸ್ಟ್ ಎಂಬ ಫೋನಿನ ಆ್ಯಪ್ ನೆರವಿಗೆ ಬರುತ್ತದೆ, ಆದರೆ ಅದರ ಮಾತಿನ ಮೇಲೆ ಯಾವುದನ್ನೂ ಕೀಳಬೇಡಿ.

ಸ್ವೀಟ್ ಕ್ಲೋವರನ್ನು ಮಳೆ ಬಂದ ಮರುದಿನ ಕಿತ್ತರೆ ಬೇರುಸಹಿತ ಬರುತ್ತದೆ. ಬೀಜ ಕಟ್ಟುವ ಮುಂಚೆಯೇ ಮುಗಿಸಬೇಕು, ಮಣ್ಣಿಗೆ ಬಿದ್ದ ಬೀಜ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆ ಕೀಳುವುದು ಇನ್ನೂ ಮುಂಚಿನ ಕೆಲಸ, ಏಪ್ರಿಲ್–ಮೇ. ಎಲೆ ತಿಕ್ಕಿದರೆ ಬೆಳ್ಳುಳ್ಳಿ ವಾಸನೆ. ಹೂವು ಬಂದದ್ದನ್ನು ಕಿತ್ತು ನೆಲಕ್ಕೆ ಎಸೆದರೂ ಬೀಜ ಬಲಿಯುತ್ತದೆ, ಚೀಲಕ್ಕೇ ಹಾಕಬೇಕು. ಹಳದಿ ಕೊಡೆಯಂಥ ಹೂವಿನ ವೈಲ್ಡ್ ಪಾರ್ಸ್ನಿಪ್ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರ ರಸ ತಾಕಿದ ಚರ್ಮ ಬಿಸಿಲಿಗೆ ಸುಟ್ಟಂತೆ ಬೊಬ್ಬೆ ಏಳುತ್ತದೆ.

ನಂಬಿಕೆ ಗಳಿಸಿದವರಿಗೆ ಜುಲೈ ಹೊತ್ತಿಗೆ ಒಂದು ನಾಜೂಕಿನ ಕೆಲಸ ಸಿಗಬಹುದು. ಪ್ರೇರಿ ಫ್ರಿಂಜ್ಡ್ ಆರ್ಕಿಡ್ ಎಂಬ ಬಿಳಿ ಹೂವಿನ ಗಿಡ 1989ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾನೂನಿನ ರಕ್ಷಣೆಯಲ್ಲಿದೆ. ಪರಾಗ ಒಯ್ಯುವುದು ರಾತ್ರಿ ಹಾರುವ ಹಾಕ್ ಪತಂಗ. ಪತಂಗದ ಮೇಲೆಯೇ ಭಾರ ಹಾಕಿ ಕೂರದೆ, ಸ್ವಯಂಸೇವಕರು ಹಲ್ಲುಕಡ್ಡಿಯ ತುದಿಯಲ್ಲಿ ಪರಾಗದ ಪುಟ್ಟ ಗಂಟನ್ನು ಎತ್ತಿ ಬೇರೆ ಗಿಡದ ಹೂವಿಗೆ ಮುಟ್ಟಿಸುತ್ತಾರೆ. ಆರ್ಕಿಡ್ ಇರುವ ಜಾಗ ಗೊತ್ತಾದರೆ ಫೋಟೊ ಹಾಕಿ ಊರಿಗೆಲ್ಲ ಹೇಳಬೇಡಿ. ಅಗೆದುಕೊಂಡು ಹೋಗುವವರಿದ್ದಾರೆ.

ಶರತ್ಕಾಲ: ಬೀಜ

ವರ್ಷದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು, ಮಕ್ಕಳನ್ನೂ ಊರಿಂದ ಬಂದ ಹಿರಿಯರನ್ನೂ ಕರೆದುಕೊಂಡು ಹೋಗಬಹುದಾದದ್ದೂ ಇದೇ. ಶಿಕಾಗೊ ಹತ್ತಿರದ ಬಟಾವಿಯಾದ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನ ಪ್ರಯೋಗಾಲಯದ ಆವರಣದಲ್ಲಿ ಪ್ರೊಫೆಸರ್ ರಾಬರ್ಟ್ ಬೆಟ್ಜ್ 1970ರ ದಶಕದಲ್ಲಿ ಬಿತ್ತನೆಯಿಂದಲೇ ಪ್ರೇರಿ ಎಬ್ಬಿಸಿದರು. ಅದಕ್ಕೆ ಬೇಕಾದ ಬೀಜವನ್ನು ಆಸುಪಾಸಿನ ಉಳಿದ ತುಂಡುಗಳಿಂದ ಜನ ಕೈಯಲ್ಲೇ ಆರಿಸಿ ತಂದಿದ್ದರು.

ಬೀಜ ಹದಕ್ಕೆ ಬಂದಿದೆಯೇ ಎಂದು ನೋಡಲು ತೆನೆಯನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ತಾನಾಗಿ ಕಳಚಿ ಅಂಗೈಗೆ ಬಂದರೆ ಹದ, ಎಳೆದಾಡಬೇಕಾಯಿತೆಂದರೆ ಇನ್ನೂ ಹಸಿ. ಬಿಗ್ ಬ್ಲೂಸ್ಟೆಮ್ ಹುಲ್ಲಿನ ತೆನೆ ಕೋಳಿಯ ಕಾಲಿನಂತೆ ಮೂರು ಕವಲು. ರ್‍ಯಾಟಲ್‌ಸ್ನೇಕ್ ಮಾಸ್ಟರ್ ಗಿಡದ್ದು ಗೋಲಿಯಂಥ ಮುಳ್ಳುಂಡೆ, ಕೈಗವಸು ಹಾಕಿ ಹಿಸುಕಿದರೆ ಪುಡಿಯಾಗುತ್ತದೆ. ಕಾಗದದ ಚೀಲವೇ ಆಗಬೇಕು, ಪ್ಲಾಸ್ಟಿಕ್‌ನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಚೀಲದ ಮೇಲೆ ಗಿಡದ ಹೆಸರು, ಜಾಗ, ತಾರೀಖು ಬರೆಯಿರಿ. ಒಂದು ಗಿಡವನ್ನು ಪೂರ್ತಿ ಬೋಳಿಸಬಾರದು, ಹಕ್ಕಿಗೂ ನೆಲಕ್ಕೂ ಪಾಲು ಬಿಡಬೇಕು. ಒಂದು ಮುಷ್ಟಿ ಬೀಜವನ್ನೂ ಅನುಮತಿಯಿಲ್ಲದೆ ಮನೆಗೆ ತರುವಂತಿಲ್ಲ.

ಅಮ್ಮ ಬಂದಿದ್ದ ವರ್ಷ ಅವರನ್ನೂ ಕರೆದುಕೊಂಡು ಹೋಗಿದ್ದೆ. ಪ್ರೇರಿ ಡ್ರಾಪ್‌ಸೀಡ್ ಹುಲ್ಲಿನ ಗರಿ ಮೂಸಿ ‘ಕೊತ್ತಂಬರಿ ವಾಸನೆ ಕಣೋ’ ಎಂದರು. ಇಲ್ಲಿನವರೂ ಹಾಗೇ ಹೇಳುವುದುಂಟು. ಮಧ್ಯಾಹ್ನ ಶೆಡ್ಡಿನಲ್ಲಿ ಜರಡಿ ಹಿಡಿದು ಹೊಟ್ಟು ಬೇರೆ ಮಾಡುತ್ತಿದ್ದರು. ಅಮ್ಮ ಐದು ನಿಮಿಷ ನೋಡಿದರು, ಒಂದು ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದುಕೊಂಡು ಬೀಜ ಸುರಿದು ಕೇರತೊಡಗಿದರು. ಮುಚ್ಚಳ ಮೇಲೆ ಹೋಗುವುದು, ಮಣಿಕಟ್ಟು ತಿರುಗುವುದು, ಹೊಟ್ಟು ಮುಂದಕ್ಕೆ ಹಾರಿ ಬೀಜ ಹಿಂದಕ್ಕೆ ಉರುಳಿ ನಿಲ್ಲುವುದು. ಪಕ್ಕದವರೆಲ್ಲ ಕೈ ನಿಲ್ಲಿಸಿ ನೋಡಿದರು. ಆಮೇಲೆ ಇಬ್ಬರು ಅವರ ಹತ್ತಿರ ಕೂತು ಕಲಿತರು, ಭಾಷೆಯ ತೊಡಕೇ ಬರಲಿಲ್ಲ.

ಬಿತ್ತನೆ, ಆಮೇಲಿನ ಕಾಯುವಿಕೆ

ಬಿತ್ತುವುದು ನವೆಂಬರ್ ಕೊನೆಯಿಂದ, ಬಕ್‌ಥಾರ್ನ್ ತೆಗೆದು ಬರಿದಾದ ನೆಲದಲ್ಲಿ ಅಥವಾ ಸುಟ್ಟ ಜಾಗದಲ್ಲಿ. ಉಳುವುದಿಲ್ಲ, ಹೂಳುವುದಿಲ್ಲ. ಮರಳಿನಲ್ಲೋ ಹೊಟ್ಟಿನಲ್ಲೋ ಬೆರೆಸಿ ಎರಚಿ, ಬೂಟಿನಲ್ಲಿ ಮೆಟ್ಟುತ್ತೇವೆ. ಇಲ್ಲಿನ ಬಹುಪಾಲು ಬೀಜಗಳಿಗೆ ಒಂದು ಚಳಿಗಾಲದ ಒದ್ದೆ ಚಳಿ ತಾಕದೆ ಮೊಳಕೆಯೇ ಬರುವುದಿಲ್ಲ. ಆ ಕೆಲಸ ಹಿಮ ಮಾಡುತ್ತದೆ.

ಮರುವರ್ಷ ಹೋಗಿ ನೋಡಿದರೆ ಬರೀ ಕಳೆ ಕಾಣುತ್ತದೆ. ಗಾಬರಿಯಾಗಬೇಡಿ, ನಿಮ್ಮ ಗಿಡಗಳು ಆಗ ಬೇರು ಇಳಿಸುತ್ತಿರುತ್ತವೆ. ಹೊಸ ಬಿತ್ತನೆಯಲ್ಲಿ ಕಳೆ ಎತ್ತರಕ್ಕೆ ಬಂದಾಗಲೆಲ್ಲ ಮೇಲುಮೇಲೆ ಕತ್ತರಿಸಿ ಬಿಸಿಲು ಬಿಡುವುದಷ್ಟೇ ಮೊದಲ ವರ್ಷದ ಆರೈಕೆ. ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದು ಎಲೆ ಗುರುತು ಸಿಗುತ್ತದೆ, ಹೂವು ಬಹುಮಟ್ಟಿಗೆ ಮೂರನೆಯ ವರ್ಷದ ಮಾತು. ಕಂಪಾಸ್ ಪ್ಲಾಂಟ್ ಇನ್ನೂ ಹೆಚ್ಚು ವರ್ಷ ಕಾಯಿಸುತ್ತದೆ.

ಅಮ್ಮ ಕೇರಿದ ಬೀಜವನ್ನು ನಮ್ಮ ಪ್ರೇರಿಯ ಪೂರ್ವದ ಅಂಚಿಗೆ, ಬಸ್ ನಿಲ್ದಾಣದಿಂದ ಕಾಣುವ ಕಡೆ ಎರಚಿದ್ದೆವು. ಈ ಬೇಸಿಗೆ ಅದಕ್ಕೆ ಎರಡನೆಯ ವರ್ಷ. ಮೊಣಕಾಲೂರಿ ಎಣಿಸಿದಾಗ ಡ್ರಾಪ್‌ಸೀಡ್‌ನ ಕೂದಲಿನಷ್ಟು ತೆಳ್ಳಗಿನ ಹನ್ನೊಂದು ಬುಡ ಸಿಕ್ಕವು. ಅಷ್ಟು ಜಾಗದಲ್ಲೇ ಐದು ಸ್ವೀಟ್ ಕ್ಲೋವರ್ ಇದ್ದವು, ಅವನ್ನು ಕಿತ್ತು ಚೀಲಕ್ಕೆ ಹಾಕಿದೆ.