ಆಂಗಲ್ ಕಾಕ್ ಸೋರ್ತಿದ್ರೆ ಸ್ಪ್ಯಾನರ್ ಹಿಡಿಯೋ ಮುಂಚೆ ಬಟ್ಟೆ ಹಿಡೀರಿ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಟಾಯ್ಲೆಟ್ ಗೋಡೆ ಹೆಂಗೂ ತಂಡಿ ಹಿಡಿದಿರ್ತದೆ, ಹಾಗಾಗಿ ಫ್ಲಶ್ ಟ್ಯಾಂಕಿಗೆ ನೀರು ಬಿಡೋ ಆಂಗಲ್ ಕಾಕ್ ತೊಟ್ಟಿಕ್ತಿದ್ರೂ ಗೊತ್ತಾಗಲ್ಲ. ಸೆಕೆಂಡಿಗೆ ಒಂದೇ ಹನಿ ಅಂದ್ರೂ ದಿನಕ್ಕೆ 86,400 ಹನಿ, ಜಂಬಿಟ್ಟಿಗೆ ಗೋಡೆ ಅದನ್ನೆಲ್ಲ ಹೀರ್ಕೊಂಡು ಪಕ್ಕದ ರೂಮಿನ ಬಣ್ಣ ಎದ್ದ ಮೇಲೇ ಕಣ್ಣಿಗೆ ಬೀಳೋದು.

ಮೊದಲು ಒಣ ಬಟ್ಟೆಯಿಂದ ಎಲ್ಲ ಚೆನ್ನಾಗಿ ಒರೆಸಿ, ಆಮೇಲೆ ಪೇಪರ್ ಚೂರು ತಗೊಂಡು ಒಂದೊಂದೇ ಜಾಯಿಂಟಿಗೆ ಮುಟ್ಟಿಸ್ತಾ ಬನ್ನಿ. ಮೇಲಿಂದ ಕೆಳಗೆ ನೋಡಿ, ಯಾಕಂದ್ರೆ ನೀರು ಮೇಲೆ ಎಲ್ಲೋ ಸೋರಿ ಕೆಳಗೆ ಬಂದು ತೊಟ್ಟಿಕ್ಕತದೆ. ಟ್ಯಾಂಕಿಗೆ ಪೈಪ್ ಸೇರೋ ಜಾಗ, ಕಾಕಿಗೆ ಪೈಪ್ ಸೇರೋ ನಟ್ಟು, ತಿರುಪೋ ಹಿಡಿಯ ಬುಡ, ಕಾಕನ್ನ ಗೋಡೆಯೊಳಗೆ ತಿರುಪಿ ಕೂರಿಸಿರೋ ಥ್ರೆಡ್ಡು, ಈ ನಾಲ್ಕರಲ್ಲಿ ಒಂದು ಇರ್ತದೆ.

ಜಾಗ ಸಿಕ್ತಾ, ಈಗ ತಾರಸಿ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ, ಫ್ಲಶ್ ಒತ್ತಿ ಖಾಲಿ ಮಾಡಿ, ಕೆಳಗೊಂದು ಬಕೆಟ್ ಇಡಿ.

ಹಿಡಿಯ ಬುಡದಲ್ಲಿ ಸೋರ್ತಿದ್ರೆ, ಹಳೇ ಥರದ ಕಾಕ್ ಆದ್ರೆ ಹಿಡಿಯ ಕೆಳಗಿರೋ ನಟ್ಟನ್ನ ಕಾಲು ಸುತ್ತು ಬಿಗಿ ಮಾಡಿದ್ರೆ ಎಷ್ಟೋ ಸಲ ನಿಂತೋಗ್ತದೆ. ಕಾಕಿಂದ ಟ್ಯಾಂಕಿಗೆ ಹೋಗೋ ಕನೆಕ್ಷನ್ ಪೈಪಿನ ಎರಡು ತುದಿಯ ನಟ್ಟಲ್ಲಿ ಎಲ್ಲಾದ್ರೂ ಸೋರ್ತಿದ್ರೆ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳು ಬಿಟ್ಟಿರ್ತದೆ, ಹೊಸ ವಾಷರ್ ಹಾಕಿ ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ವಲ್ಪ ಮಾತ್ರ ಸ್ಪ್ಯಾನರ್. ಇಲ್ಲಿ ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತೋರು ತುಂಬಾ ಜನ, ಬೇಡ, ಇಲ್ಲಿ ನೀರು ತಡೆಯೋದು ವಾಷರ್ರೇ.

ಗೋಡೆಯ ಥ್ರೆಡ್ಡೇ ಸೋರ್ತಿದ್ರೆ ಕೆಲಸ ಸ್ವಲ್ಪ ಜಾಸ್ತಿ. ಕನೆಕ್ಷನ್ ಪೈಪ್ ತೆಗೆದು ಕಾಕನ್ನ ಪೂರ್ತಿ ಬಿಚ್ಚಿ, ಹಳೇ ಟೇಪ್ ಕಿತ್ತು ಬ್ರಷ್ ಹಾಕಿ ತಿಕ್ಕಿ. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರೋ ಹಾಗೆ ಹಿಡ್ಕೊಂಡು, ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲೇ ಟೆಫ್ಲಾನ್ ಟೇಪ್ ಎಳೆದು ಸುತ್ತಿ, ಉಲ್ಟಾ ಸುತ್ತಿದ್ರೆ ತಿರುಪೋವಾಗ ಎಲ್ಲಾ ಬಿಚ್ಕೊಂಡು ಬರ್ತದೆ. ನಮ್ಮಲ್ಲಿ ಸಿಗೋ ತೆಳು ಟೇಪ್ ಆದ್ರೆ ಹತ್ತು ಹನ್ನೆರಡು ಸುತ್ತಾದ್ರೂ ಬೇಕು. ಬಿಗಿ ಮಾಡ್ತಾ ಕಾಕಿನ ಬಾಯಿ ಸರಿಯಾದ ಕಡೆ ಬಂದಾಗ ನಿಲ್ಲಿಸಿ, ದಾಟಿ ಹೋಯ್ತು ಅಂತ ಹಿಂದಕ್ಕೆ ತಿರುಗಿಸಿದ್ರೆ ಮತ್ತೆ ಸೋರ್ತದೆ, ಬಿಚ್ಚಿ ಹೊಸ ಟೇಪ್ ಸುತ್ತೋದೇ ದಾರಿ. ಜೋರು ಮಾತ್ರ ಮಾಡ್ಲೇಬೇಡಿ, ಗೋಡೆಯೊಳಗೆ ಪೈಪ್ ತಿರುಗೋ ಎಲ್ಬೋ ಸೀಳಿದ್ರೆ ಟೈಲ್ಸ್ ಒಡೀಬೇಕಾಗ್ತದೆ. ಹಳೇ ಮನೆ, ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಅಂತಾದ್ರೆ ಕೈ ಹಾಕೋದೇ ಬೇಡ, ಪೈಪೇ ಮುರಿದು ಗೋಡೆಯೊಳಗೆ ಉಳೀತದೆ, ಪ್ಲಂಬರ್ ಬರೋ ತನಕ ಗೇಟ್ ವಾಲ್ವ್ ಬಂದ್ ಇಟ್ಕಳಿ.

ಕಾಕೇ ಹೋಗಿದೆ ಅಂದ್ರೆ ಅರ್ಧ ಇಂಚಿನದ್ದು ಹಿತ್ತಾಳೆದೇ ತಗಳಿ, ಅಂಗಡಿಗೆ ಹಳೇದನ್ನೂ ಒಯ್ಯಿರಿ. ಗುಡ್ಡದ ಒರತೆ ನೀರು ಪೈಪಲ್ಲಿ ಬರೋ ಮನೆಯಾದ್ರೆ ಹೊಸದು ಹಾಕೋ ಮುಂಚೆ ಗೋಡೆ ಪೈಪಿಂದ ಸ್ವಲ್ಪ ನೀರು ಹೊರಗೆ ಬಿಡಿ, ಮರಳು, ಎಲೆ ಚೂರು ಬಂದು ಹೋಗ್ಲಿ, ಇಲ್ಲಾಂದ್ರೆ ಅದೇ ಕಾಕಲ್ಲಿ ಸಿಕ್ಕಾಕ್ಕೊಳ್ತದೆ.

ನೀರು ನಿಧಾನ ಬಿಡಿ, ಮತ್ತೆ ಒರೆಸಿ, ಕೆಳಗೆ ಒಣ ಪೇಪರ್ ಹಾಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಹನಿ ಬಿದ್ದ ಗುರುತಿದ್ರೆ ಯಾವ ಜಾಯಿಂಟ್ ಅಂತ ಮತ್ತೆ ಪೇಪರ್ ಮುಟ್ಟಿಸಿ ನೋಡಿ, ನಟ್ಟಾದ್ರೆ ಇನ್ನೊಂಚೂರು ಬಿಗಿ ಮಾಡಿ, ಗೋಡೆಯ ಥ್ರೆಡ್ಡಾದ್ರೆ ಬಿಚ್ಚಿ ಹೊಸ ಟೇಪ್ ಸುತ್ತಿ.