‘ಆನ್ ಟುಮಾರೋ’ ಯಾಕೆ ತಪ್ಪು? ಇಂಗ್ಲಿಷಿನ ಕಾಲದ ಪದಗಳನ್ನು ಬಳಸೋದು ಹೀಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ರಜೆ ಅರ್ಜಿಯೊಂದರಲ್ಲಿ ‘ಐ ವಿಲ್ ಕಮ್ ಆನ್ ಟುಮಾರೋ’ ಅಂತ ಬರೆದಿದ್ದೆ. ಮ್ಯಾನೇಜರ್ ‘ಆನ್’ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು, ಯಾಕೆ ಅಂತ ಮಾತ್ರ ಹೇಳಲಿಲ್ಲ. ‘ಆನ್ ಮಂಡೇ’ ಸರಿಯಂತೆ, ‘ಆನ್ ಟುಮಾರೋ’ ತಪ್ಪಂತೆ. ಇದ್ಯಾವ ನ್ಯಾಯ?

ಉತ್ತರಕ್ಕೆ ಮುಂಚೆ, ಇಂಥ ಕಾಲದ ಪದ ವಾಕ್ಯದಲ್ಲಿ ಏನು ಕೆಲಸ ಮಾಡುತ್ತೆ ಅಂತ ನೋಡೋಣ. ಪದ ಹಿಡಿದುಕೊಂಡು ‘ಇದು ನೌನಾ, ಆಡ್‌ವರ್ಬಾ’ ಅಂತ ಉರು ಹೊಡೆಯಬೇಡಿ. ವಾಕ್ಯಕ್ಕೆ ಒಂದು ಪ್ರಶ್ನೆ ಹಾಕಿ. ‘ಶಿ ಕೇಮ್ ಯೆಸ್ಟರ್‌ಡೇ’: ಯಾವಾಗ ಬಂದಳು? ನಿನ್ನೆ. ಯಾವಾಗ ಅನ್ನೋದಕ್ಕೆ ಉತ್ತರ ಸಿಕ್ಕಿದರೆ ಅಲ್ಲಿ ಅದು ಆಡ್‌ವರ್ಬ್ ಕೆಲಸ ಮಾಡ್ತಿದೆ. ‘ಯೆಸ್ಟರ್‌ಡೇ ವಾಸ್ ಎ ಹಾಲಿಡೇ’: ರಜೆ ಇದ್ದದ್ದು ಯಾವ ದಿನ? ನಿನ್ನೆ. ಇಲ್ಲಿ ಅದೇ ಪದ ನೌನ್ ಆಗಿ ವಾಕ್ಯದ ಕರ್ತೃವಾಗಿ ಕೂತಿದೆ. ನಮ್ಮಲ್ಲೂ ಹೀಗೇ ಅಲ್ವಾ? ‘ನಿನ್ನೆ ಬಂದೆ’ ಅಂತೀವಿ, ‘ನಿನ್ನೆಯ ಸಾರು’ ಅಂತೀವಿ, ‘ನಾಳೆಗೆ ಎತ್ತಿಡು’ ಅಂತಲೂ ಅಂತೀವಿ. (2002ರಲ್ಲಿ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ದಪ್ಪನೆಯ ಕೇಂಬ್ರಿಡ್ಜ್ ವ್ಯಾಕರಣ ‘ಯೆಸ್ಟರ್‌ಡೇ’, ‘ಟುಮಾರೋ’ ಥರದ ಪದಗಳನ್ನು ಪ್ರೊನೌನ್ (ಸರ್ವನಾಮ) ಗುಂಪಿಗೆ ಹಾಕುತ್ತೆ. ಆ ಜಗಳ ಪಂಡಿತರಿಗಿರಲಿ.)

ಈಗ ‘ಆನ್’ ವಿಷಯ. ‘ಟುಡೇ’, ‘ಟುಮಾರೋ’ ಎರಡರಲ್ಲೂ ಮುಂದಿರೋ ‘ಟು’ ಹಳೆಯ ಇಂಗ್ಲಿಷಿನ ಪ್ರೆಪೊಸಿಷನ್ನೇ (‘ಆನ್’, ‘ಇನ್’ ಥರ ನೌನ್‌ಗೆ ಮುಂಚೆ ಬರೋ ಪದ). 20ನೇ ಶತಮಾನದ ಆರಂಭದವರೆಗೂ ‘ಟು-ಡೇ’ ಅಂತ ನಡುವೆ ಗೀಟು ಹಾಕಿ ಬರೆಯೋರು ಬಹಳ ಜನ ಇದ್ದರು. ಒಳಗೇ ಒಂದು ಪ್ರೆಪೊಸಿಷನ್ ಕೂತಿರುವಾಗ ಹೊರಗಿಂದ ಇನ್ನೊಂದು ಯಾಕೆ? ‘ಯೆಸ್ಟರ್‌ಡೇ’ಯಲ್ಲಿ ‘ಟು’ ಇಲ್ಲ, ಆದರೂ ಅದು ಒಂಟಿಯಾಗಿಯೇ ಯಾವಾಗ ಅನ್ನೋದಕ್ಕೆ ಉತ್ತರ ಕೊಡುತ್ತೆ. ‘ನೆಕ್ಸ್ಟ್’, ‘ಲಾಸ್ಟ್’, ‘ದಿಸ್’, ‘ಎವೆರಿ’ ಹತ್ತಿದ ಮೇಲೂ ‘ಆನ್’ ಬೇಡ. ‘ನೆಕ್ಸ್ಟ್ ಮಂಡೇ’ ಸಾಕು.

‘ಡೈಲಿ’ ಸುಲಭ. ‘ಡೈಲಿ ಪೇಪರ್’ ಅಂದರೆ ಅಡ್ಜೆಕ್ಟಿವ್, ‘ಕಮ್ಸ್ ಡೈಲಿ’ ಅಂದರೆ ಆಡ್‌ವರ್ಬ್, ‘ಎ ಡೈಲಿ’ ಅಂದರೆ ದಿನಪತ್ರಿಕೆ, ಅಂದ್ರೆ ನೌನ್. ‘ಎವೆರಿಡೇ’ ಮಾತ್ರ ಹುಷಾರು. ಕೂಡಿಸಿ ಬರೆದರೆ ‘ಮಾಮೂಲಿ’ ಅನ್ನೋ ಅಡ್ಜೆಕ್ಟಿವ್, ಬಿಡಿಸಿ ಬರೆದರೆ ‘ಪ್ರತಿದಿನ’. ಅಂಗಡಿ ಬೋರ್ಡುಗಳಲ್ಲಿ ಇದನ್ನು ಕಲಸಿ ಹಾಕಿರೋದೇ ಜಾಸ್ತಿ.

ನಿಜವಾಗಿ ತಲೆ ತಿನ್ನೋದು ‘ಆಫ್ಟರ್’, ‘ಬಿಫೋರ್’, ‘ಸಿನ್ಸ್’. ಇವು ಆದಮೇಲೆ ಏನು ಬಂದಿದೆ ನೋಡಿ. ‘ಆಫ್ಟರ್ ಲಂಚ್’ನಲ್ಲಿ ಬರೀ ನೌನ್ ಇದೆ, ಹಾಗಾಗಿ ಪ್ರೆಪೊಸಿಷನ್. ‘ಆಫ್ಟರ್ ಹಿ ಲೆಫ್ಟ್’ನಲ್ಲಿ ಕರ್ತೃ, ಕ್ರಿಯಾಪದ ಎರಡೂ ಇರೋ ಪುಟ್ಟ ವಾಕ್ಯವೇ ಇದೆ, ಹಾಗಾಗಿ ಕಂಜಂಕ್ಷನ್, ಅಂದ್ರೆ ಎರಡು ವಾಕ್ಯ ಜೋಡಿಸೋ ಪದ. ನಮ್ಮ ‘ಊಟಕ್ಕೆ ಮೊದಲು’, ‘ಊಟ ಮಾಡೋ ಮೊದಲು’ ಇದ್ದ ಹಾಗೆ. ಆಮೇಲೆ ಏನೂ ಇಲ್ಲದೆ ‘ಐ ಹ್ಯಾವ್ ಸೀನ್ ದಿಸ್ ಬಿಫೋರ್’ ಅಂತ ಮುಗಿದರೆ ಆಡ್‌ವರ್ಬ್.

ಇಲ್ಲೇ ನಾವು ಜಾರೋದು. ‘ಎರಡು ದಿನದ ಹಿಂದೆ ಸಿಕ್ಕಿದ್ದ’ ಅನ್ನೋದನ್ನು ‘ಐ ಮೆಟ್ ಹಿಮ್ ಟೂ ಡೇಸ್ ಬಿಫೋರ್’ ಅಂತೀವಿ. ಇವತ್ತಿನಿಂದ ಹಿಂದಕ್ಕೆ ಎಣಿಸೋದಾದರೆ ‘ಟೂ ಡೇಸ್ ಅಗೋ’ ಅನ್ನಬೇಕು. ಮದುವೆಗೋ ಪರೀಕ್ಷೆಗೋ ಎರಡು ದಿನ ಮುಂಚೆ ಅನ್ನೋದಾದರೆ ‘ಬಿಫೋರ್’ ಹಾಕಿ ಆ ಮದುವೆಯನ್ನೂ ಹೇಳಿ. ‘ಎರಡು ವರ್ಷದಿಂದ’ ಅನ್ನೋದಕ್ಕೆ ‘ಸಿನ್ಸ್ ಟೂ ಇಯರ್ಸ್’ ಕೂಡ ಬೇಡ. ಶುರುವಾದ ಗಳಿಗೆ ಹೇಳೋಕೆ ‘ಸಿನ್ಸ್ 2019’, ಎಷ್ಟು ಕಾಲ ಅಂತ ಹೇಳೋಕೆ ‘ಫಾರ್ ಟೂ ಇಯರ್ಸ್’.

ಇನ್ನೊಂದು. ‘ಲೇಟ್’ ತಾನೇ ಅಡ್ಜೆಕ್ಟಿವ್, ತಾನೇ ಆಡ್‌ವರ್ಬ್. ಆಡ್‌ವರ್ಬ್ ಅಂದ ಕೂಡಲೇ ‘ಲಿ’ ಅಂಟಿಸೋ ಅಭ್ಯಾಸದಲ್ಲಿ ‘ಐ ಕೇಮ್ ಲೇಟ್ಲಿ’ ಅಂದುಬಿಟ್ಟರೆ, ‘ಲೇಟ್ಲಿ’ ಅಂದರೆ ‘ಇತ್ತೀಚೆಗೆ’ ಆಗಿರೋದರಿಂದ, ನೀವು ತಡವಾಗಿ ಬಂದಿರೋ ಸಂಗತಿ ಮೇಷ್ಟ್ರಿಗೆ ಗೊತ್ತೇ ಆಗಲ್ಲ.